ಕಾಕಾನ ಹಿಮ, ಕಾಕೂನ ಶಿರಾ

ಮೊನ್ನೆ ಭಾನುವಾರ ಬೆಳಗ್ಗೆ ರವೆ ಹುರಿಯುತ್ತಿದ್ದೆ. ತುಪ್ಪದಲ್ಲಿ ರವೆ ಕೆಂಪಗಾಗುವಾಗಿನ ಘಮ ಅಡುಗೆಮನೆ ದಾಟಿ ಮೆಟ್ಟಿಲು ಹತ್ತಿತ್ತು. ಅಗಲದ ತಟ್ಟೆಯಲ್ಲಿ ಸಕ್ಕರೆ ಅಳೆದಿಟ್ಟಿದ್ದು ಮರೆತು, ಹುರಿದದ್ದನ್ನು ಅದರ ಮೇಲೇ ಹರವಿದೆ. ಆಮೇಲೆ ತಟ್ಟೆ ಎತ್ತಿ ಒಂಚೂರು ವಾಲಿಸಿದೆ ನೋಡಿ, ರವೆಯೆಲ್ಲ ಇಡಿಯಾಗಿ ಒಂದೇ ಹಾಳೆಯ ಹಾಗೆ ಸಕ್ಕರೆಯ ಮೇಲಿಂದ ಜಾರಿ ಕಟ್ಟೆಯ ಮೇಲೆ ದೊಪ್ಪನೆ ಬಿತ್ತು. ನನ್ನ ಬಾಯಿಂದ ನನಗೇ ತಿಳಿಯದ ಹಾಗೆ ಕೂಗು ಹೊರಟಿತು: "ಸರೀರಿ!"

"ಏನು ಸರಿ? ನಾನೇನೂ ಕೇಳಲೇ ಇಲ್ವಲ್ಲೇ!" ಅಂದರು ನಮ್ಮವರು, ಹೊರಗಿನ ಕೋಣೆಯಿಂದ.

ನಾನು ಚೆಲ್ಲಿದ ರವೆಯ ಮುಂದೆ ನಗುತ್ತಾ ನಿಂತುಬಿಟ್ಟೆ. ಕಾಕಾ ನೆನಪಾಗಿದ್ದರು...

ಕಾಕಾ ನಮಗೆ ನೆಂಟರೇನೂ ಅಲ್ಲ. ಧಾರವಾಡದವರು, ಲಂಡನ್ನಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎಲುಬಿನ ಡಾಕ್ಟರು. ಸ್ಟ್ಯಾನ್ಮೋರಿನಲ್ಲಿ ಹಿಂದೆ ಮುಂದೆ ತೋಟವಿದ್ದ ದೊಡ್ಡ ಮನೆ. ನಾವು ಮೈಸೂರಿನಿಂದ ಬಂದು ಕ್ವೀನ್ಸ್‌ಬರಿಯಲ್ಲಿ ಫ್ಲ್ಯಾಟ್ ಹಿಡಿದಿದ್ದವರು, ಟ್ಯೂಬ್ ರೈಲಿನಲ್ಲಿ ಎರಡು ಸ್ಟೇಷನ್ ಈಚೆ. ನಮ್ಮವರು ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವವಳು. ತೊಂಬತ್ತರ ದಶಕದ ಕೊನೆಗೆ ಒಂದು ದೀಪಾವಳಿ ಊಟಕ್ಕೆ ಕನ್ನಡದವರೆಲ್ಲ ಒಂದು ಹಾಲಿನ ಮಹಡಿಯ ಮೇಲೆ ಸೇರಿದ್ದೆವು. ಲಿಫ್ಟು ಕೆಟ್ಟಿತ್ತು. ಬಿಸಿಬೇಳೆಬಾತಿನ ಪಾತ್ರೆಯನ್ನು ನಾನೇ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಮೇಲೆ, ಕೈಯಲ್ಲಿ ಪೇಪರ್ ತಟ್ಟೆ ಹಿಡಿದು ನಿಂತಿದ್ದ ಬಿಳಿ ಮೀಸೆಯ ಎತ್ತರದ ಮನುಷ್ಯರೊಬ್ಬರು ನನ್ನನ್ನೇ ದಿಟ್ಟಿಸುತ್ತಿದ್ದರು.

"ಈಕಿ ಯಾರ ಇಕಿ? ಇಷ್ಟ ಭಾರ ಹೊತ್ತು ಬಂದ್ಲು, ಒಂಚೂರರೆ ತೇಕಲಿಲ್ಲಲ್ಲ!" ಅಂದರು ಪಕ್ಕದಲ್ಲಿದ್ದ ಹೆಂಡತಿಗೆ.

"ಸುಮ್ನಿರ್ರಿ, ಮೊದ್ಲ ಪಾತ್ರಿ ಇಳಸಲಿ ಪಾಪ," ಅಂದರು ಆಕೆ.

ಪಾತ್ರೆ ಇಳಿಸಿದ್ದೇ ತಡ, ಹತ್ತಿರ ಬಂದರು. "ಹಿಮದಾಗ ಹೋಗ್ಲಿಕ್ಕತ್ತೇವಿ. ನೀನೂ ಬರ್ತೀಯೇನವಾ?" ಹಿಮ ಅಂದಕೂಡಲೇ ನಾನು ಬದರಿ, ಕೇದಾರ ಅಂದುಕೊಂಡೆ. ಯಾರೋ ಪುಣ್ಯಾತ್ಮರು ಯಾತ್ರೆ ಹೊರಡಿಸುತ್ತಿದ್ದಾರೆ, ಇದಕ್ಕೆ ಬೇಡ ಅನ್ನಬಾರದು ಅಂತ, "ಓಹೋ, ಖಂಡಿತ ಬರ್ತೀನಿ ಅಂಕಲ್" ಅಂದೆ. "ಅಂಕಲ್ ಅನಬ್ಯಾಡ, ಕಾಕಾ ಅನ್ನು. ಬರೂ ವರ್ಷ ಆಗಸ್ಟಿನಿಂದ ತಯಾರಿಗೆ ಮನಿಗೆ ಬಾ," ಅಂದರು. ಅವರು ಹೇಳಿದ್ದು ಆಲ್ಪ್ಸ್ ಪರ್ವತದಲ್ಲಿ ಸ್ಕೀಯಿಂಗ್ ಅಂತ ತಿಳಿಯುವ ಹೊತ್ತಿಗೆ ಆಗಸ್ಟ್ ಬಂದಾಗಿತ್ತು, ಇಲ್ಲ ಅನ್ನುವ ಕಾಲ ಮೀರಿತ್ತು. ನಾನು ಆವರೆಗೆ ಸ್ಕೀಯನ್ನು ನೋಡಿದ್ದು ಟಿವಿಯಲ್ಲಿ, ಅದೂ ಚಾನೆಲ್ ಬದಲಾಯಿಸುವಾಗ!

ಅದೂ ಎಂಥ ಸ್ಕೀಯಿಂಗ್ ಅಂತೀರಿ! ಲಿಫ್ಟಿನಲ್ಲಿ ಕೂತು ಮೇಲೆ ಹೋಗಿ ಜಾರಿಕೊಂಡು ಬರುವುದಲ್ಲ. ಲಿಫ್ಟೇ ಇಲ್ಲದ ಬೆಟ್ಟ. ಸ್ಕೀಯ ತಳಕ್ಕೆ ಜಾರದ ಹಾಗೆ ಪಟ್ಟಿ ಅಂಟಿಸಿಕೊಂಡು, ಗೈಡಿನ ಹಿಂದೆ ಹೆಜ್ಜೆ ಹೆಜ್ಜೆಯಾಗಿ ಹತ್ತಬೇಕು. ಯಾರೂ ತುಳಿಯದ ಹಿಮದಲ್ಲಿ ಇಳಿಯಬೇಕು. ಆ ಹಿಮ ಯಾವಾಗ ಕುಸಿದು ಮೈಮೇಲೆ ಬರುತ್ತದೋ ಹೇಳಲಿಕ್ಕಾಗದು. ಆದ್ದರಿಂದ ಹೋಗುವವರೆಲ್ಲ ಹಿಮಕುಸಿತದಲ್ಲಿ ಹೂತವರನ್ನು ಹುಡುಕಿ ತೆಗೆಯುವುದನ್ನು ಕಲಿತಿರಲೇಬೇಕು. ಕಾಕಾನ ಗೈಡ್ ಆ ಬೆಟ್ಟದಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು, ಮಾತಿನಲ್ಲಿ ಬಲು ಖಡಕ್ಕು. ಅವಳದೊಂದು ನಿಯಮ: ಮೂರು ಜನ ಇರಬೇಕು, ಮೂವರೂ ಮೊದಲ ದಿನ ಅವಳ ಪರೀಕ್ಷೆ ಪಾಸಾಗಬೇಕು. ಇಲ್ಲದಿದ್ದರೆ ಬೆಟ್ಟವಿಲ್ಲ, ಬರಿಯ ಲಿಫ್ಟಿನ ಇಳಿಜಾರು.

ಕಾಕಾನ ಗುಂಪಿನಲ್ಲಿ ಉಳಿದಿದ್ದವರು ಇಬ್ಬರೇ. ಅವರು, ಮತ್ತೆ ಕ್ವೀನ್ಸ್‌ಬರಿಯಲ್ಲೇ ಇದ್ದ ಮಂಗಳೂರಿನ ಹಲ್ಲಿನ ಡಾಕ್ಟರು. ಮೂರನೆಯವರು ಆಸ್ಟ್ರೇಲಿಯಾಕ್ಕೆ ಹೊರಟುಹೋಗಿದ್ದರು. ಇನ್ನೊಂದು ವರ್ಷ ಕಾಯೋಣವೆಂದರೆ ಕಾಕಾನ ಮೊಣಕಾಲು ಕಾಯುವ ಹಾಗಿರಲಿಲ್ಲ. ಊರಿನವರ ಮೊಣಕಾಲೆಲ್ಲ ಬದಲಾಯಿಸಿದ ಮನುಷ್ಯ ತಮ್ಮ ಮೊಣಕಾಲಿನ ಆಪರೇಷನ್ನನ್ನು ಮುಂದೂಡುತ್ತಲೇ ಬಂದಿದ್ದರು. ಅವರ ಹೆಂಡತಿ ಕಾಕು ಕೊನೆಗೂ ಕೈಚೆಲ್ಲಿ, ಬರುವ ವಸಂತದಲ್ಲಿ ಮಾಡಿಸಿಕೊಳ್ಳುವುದಾದರೆ ಮಾತ್ರ ಈ ಚಳಿಗಾಲಕ್ಕೆ ಒಪ್ಪಿಗೆ ಅಂದಿದ್ದರು. ಅಂದರೆ ಇದೇ ಕೊನೆಯ ಚಳಿಗಾಲ. ಎರಡು ಶಿಖರಗಳ ನಡುವೆ ತಗ್ಗಾದ ಒಂದು ಜಾಗಕ್ಕೆ ಕಾಕಾ 'ಕುತ್ತಿಗಿ' ಅನ್ನುತ್ತಿದ್ದರು, ಎಲುಬಿನ ಡಾಕ್ಟರಲ್ಲವೇ. ಅದರ ಮೇಲೆ ನಿಂತರೆ ಎರಡು ದೇಶ ಕಾಣುತ್ತವಂತೆ. ಎರಡು ಸಲ ಹೋಗಿ ಎರಡು ಸಲವೂ ಹವೆ ಕೆಟ್ಟು ಹಿಂದಿರುಗಿದ್ದರು. ಒಮ್ಮೆ ಅಲ್ಲಿ ನಿಲ್ಲಬೇಕು, ಅಷ್ಟೇ ಅವರಾಸೆ. ಅದು ಈಗ ಬಿಸಿಬೇಳೆಬಾತ್ ಹೊತ್ತ ನನ್ನ ಹೆಗಲಿಗೆ ಬಂದಿತ್ತು!

ಆಗಸ್ಟಿನಿಂದ ಭಾನುವಾರದ ಮಧ್ಯಾಹ್ನಗಳೆಲ್ಲ ಕಾಕಾನ ಊಟದ ಮೇಜಿನ ಸುತ್ತಲೇ. ಮೇಜಿನ ತುಂಬ ಬೆಟ್ಟದ ನಕಾಶೆ, ಅದರ ನಾಲ್ಕು ಮೂಲೆಗೆ ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಜೇನುತುಪ್ಪದ ಬಾಟಲಿಗಳು. ಯಾವ ರಾತ್ರಿ ಬೆಟ್ಟದ ಯಾವ ಗುಡಿಸಲಿನಲ್ಲಿ ಮಲಗುವುದು, ಯಾವ ಇಳಿಜಾರಿಗೆ ಬಿಸಿಲು ಬೇಗ ಬೀಳುತ್ತದೆ, ಮಂಜು ಮುಚ್ಚಿದರೆ ಎಲ್ಲಿಗೆ ಹೋಗುವುದು, ಎಲ್ಲವನ್ನೂ ಗೈಡ್‌ಗೆ ಫೋನ್ ಮಾಡಿ ಕೇಳಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಪ್ರತಿ ದಾರಿಯ ಮೇಲೂ ಒಂದೊಂದು ಕಡೆ ಅಡ್ಡಗೆರೆ. ಏನಿದು ಅಂತ ಕೇಳಿದೆ. "ಇಲ್ಲಿಂದ ವಾಪಸ್ ಬರಬಹುದು. ಇದನ್ನ ದಾಟಿದ ಮ್ಯಾಲ ಬರ್ಲಿಕ್ಕೆ ಆಗೂದಿಲ್ಲ," ಅಂದರು. ಹತ್ತುವ ದಾರಿಗಿಂತ ಹಿಂದಿರುಗುವ ಜಾಗ ಹುಡುಕಲಿಕ್ಕೇ ಅವರಿಗೆ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ನಕಾಶೆ ಮುಗಿದರೆ ರವೆಯ ಪಾಠ. ಓವನ್ನಿನ ಅಗಲ ತಟ್ಟೆಯಲ್ಲಿ ತಳಕ್ಕೆ ರವೆ ಒತ್ತಿ, ಅದರ ಮೇಲೆ ಸಕ್ಕರೆ ಹರವಿ, ಮತ್ತೆ ಮೇಲೆ ರವೆಯ ದಪ್ಪ ಪದರ. "ತಳಗಿಂದು ಹಳೇ ಹಿಮ, ಗಟ್ಟಿ. ಮ್ಯಾಲಿಂದು ಹೊಸಾದು, ಅದೂ ಗಟ್ಟಿ. ನಡುವ ಸಕ್ಕರಿ ಅದಲ್ಲ, ಅದ ನೋಡವಾ ನಮ್ಮ ವೈರಿ. ಥಂಡಿಗೆ ಹಿಮಾನೂ ಹಿಂಗ ಸಕ್ಕರಿ ಆಗ್ತದ. ಒಂದಕ್ಕೊಂದು ಹಿಡಕೊಳ್ಳೂದ ಇಲ್ಲ." ತಟ್ಟೆಯನ್ನು ನಿಧಾನವಾಗಿ ವಾಲಿಸುತ್ತಿದ್ದರು. ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ... ಥಟ್ಟನೆ ಮೇಲಿನ ಪದರವಿಡೀ ಜಾರಿ ಮೇಜಿನ ಮೇಲೆ! "ಎಂತ ಮಾರಾಯ್ರೆ ಇದು, ಒಂದು ಸೂಚನೆಯೂ ಇಲ್ಲ!" ಅಂತ ಹಲ್ಲಿನ ಡಾಕ್ಟರು ಪ್ರತಿ ವಾರವೂ ಹೊಸದಾಗಿ ಬೆಚ್ಚಿಬೀಳುತ್ತಿದ್ದರು.

ಕಾಕು ಮುಂದಾಲೋಚನೆಯ ಹೆಣ್ಣುಮಗಳು. ಮೊದಲ ವಾರ ಹಸಿ ರವೆ ಸಕ್ಕರೆಯಲ್ಲಿ ಬೆರೆತು ದಂಡವಾದ ಮೇಲೆ, ತುಪ್ಪದಲ್ಲಿ ಹುರಿದು ಆರಿಸಿದ ರವೆಯನ್ನೇ ಪಾಠಕ್ಕೆ ಕೊಡತೊಡಗಿದರು. ಪಾಠ ಮುಗಿದದ್ದೇ ತಟ್ಟೆ ಒಳಗೆ ಹೋಗುತ್ತಿತ್ತು, ಅರ್ಧ ಗಂಟೆಯಲ್ಲಿ ಹಿಮಕುಸಿತ ಬಿಸಿಬಿಸಿಯಾಗಿ ಬಟ್ಟಲಿಗೆ ಬರುತ್ತಿತ್ತು. ನಾನು "ಕೇಸರಿಬಾತ್ ಬಹಳ ಚೆನ್ನಾಗಿದೆ ಕಾಕು" ಅಂದರೆ, "ಬಾತ್ ಅಂದ್ರ ಅನ್ನ. ಇದರಾಗ ಅನ್ನ ಎಲ್ಲದ? ಇದು ಶಿರಾ," ಅಂತಿದ್ದರು. ನಾನೂ ಬಿಡಲಿಲ್ಲ. ಮೈಸೂರಿನವಳು ಕೇಸರಿಬಾತನ್ನು ಹಾಗೆಲ್ಲ ಬಿಟ್ಟುಕೊಡಲಿಕ್ಕಾಗುತ್ತದೆಯೇ?

ಕಾಲಿಗೂ ಪಾಠವಿತ್ತು. ಕ್ವೀನ್ಸ್‌ಬರಿಯ ಅಂಗಡಿಯಿಂದ ಸೋನಾ ಮಸೂರಿ ಚೀಲ ತಂದು ಬೆನ್ನಿನ ಬ್ಯಾಗಿಗೆ ಹಾಕಿಕೊಂಡು ಸ್ಟ್ಯಾನ್ಮೋರ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿದೆ, ಇಳಿದು ಹತ್ತಿದೆ. ಟಿಕೆಟ್ ಕಿಂಡಿಯ ಹುಡುಗಿ ನನ್ನನ್ನು ನೋಡಿ ದಾರಿ ತಪ್ಪಿದವಳೆಂದು ಕರೆದು ವಿಚಾರಿಸಿದಳು. ಊರಾಚೆ ಪ್ಲಾಸ್ಟಿಕ್ ಬ್ರಷ್ಷಿನ ಹಾಸು ಹಾಕಿದ ಕೃತಕ ಇಳಿಜಾರಿತ್ತು. ಅಲ್ಲಿ ಬಿದ್ದು ಬಿದ್ದು ಸ್ಕೀ ಕಲಿತೆ. ಬಿದ್ದಲ್ಲೆಲ್ಲ ಪರಕೆಯಲ್ಲಿ ಉಜ್ಜಿದ ಹಾಗೆ ಮೈಯೆಲ್ಲ ತರಚು. ನಮ್ಮವರು ಮುಲಾಮು ಹಚ್ಚುತ್ತಾ, "ಬದರಿಗೆ ಹೋಗೋಕೆ ಇಷ್ಟೆಲ್ಲ ಬೇಕಾ?" ಅಂತ ಛೇಡಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಪಾಠ ಬ್ಲೀಪರಿನದು. ಎದೆಗೆ ಕಟ್ಟಿಕೊಳ್ಳುವ ಪುಟ್ಟ ಪೆಟ್ಟಿಗೆ. ಹೂತವರ ಪೆಟ್ಟಿಗೆ ಸದ್ದು ಕಳಿಸುತ್ತದೆ, ಹುಡುಕುವವರ ಪೆಟ್ಟಿಗೆ ಹಿಡಿಯುತ್ತದೆ. ಹತ್ತಿರವಾದಂತೆ ಬೀಪ್ ಬೀಪ್ ಜೋರಾಗುತ್ತದೆ. ಆಮೇಲೆ ಉದ್ದನೆ ಸಲಾಕೆಯಿಂದ ಚುಚ್ಚಿ, ಸಲಿಕೆಯಿಂದ ಅಗೆಯಬೇಕು. ಅಗೆಯುವಾಗ ಮೇಲಿನಿಂದ ಮತ್ತೆ ಹಿಮ ಬರುವ ಹಾಗಿದ್ದರೆ ಕಾವಲಿಗೆ ನಿಂತವರು ಕೂಗಬೇಕು, ಎಲ್ಲರೂ ಕೆಲಸ ಬಿಟ್ಟು ಪಕ್ಕಕ್ಕೆ ಓಡಬೇಕು. ಕೂಗು ಕನ್ನಡದಲ್ಲೇ ಇರಬೇಕು ಅನ್ನುವುದು ಕಾಕಾನ ಹಟ. "ಮೂವತ್ತು ವರ್ಷದಿಂದ ನೋಡ್ಲಿಕ್ಕತ್ತೀನಿ, ಎಲುಬು ಮುರದಾಗ ಯಾರೂ ಎರವಲು ಭಾಷಾದಾಗ ಅಳೂದಿಲ್ಲ. ಹೆದರಿಕಿ ಬಂದಾಗ ಕಿವಿಗೂ ಮನಿ ಮಾತೇ ಬೇಕು." ಮನೆಮಾತೇನೋ ಸರಿ. ಯಾರ ಮನೆಯದು ಅನ್ನುವುದನ್ನು ಮಾತ್ರ ನಾವು ಯಾರೂ ಯೋಚಿಸಿರಲಿಲ್ಲ.

ಅಕ್ಟೋಬರಿನ ಕೊನೆಗೆ ಪಾರ್ಕಿನಲ್ಲಿ ಮೊದಲ ಅಭ್ಯಾಸ. ಕೌನ್ಸಿಲಿನವರು ಉದುರಿದೆಲೆಗಳನ್ನು ಅಲ್ಲಲ್ಲಿ ರಾಶಿ ಹಾಕಿದ್ದರು. ಕಾಕಾ ಒಂದು ಬ್ಲೀಪರನ್ನು ಹಳೆಯ ಉಣ್ಣೆ ಕಾಲುಚೀಲದಲ್ಲಿ ಸುತ್ತಿ ಯಾವುದೋ ರಾಶಿಯಲ್ಲಿ ಹೂತು, ದಿಬ್ಬದ ಮೇಲೆ ಕಾವಲಿಗೆ ನಿಂತರು. ನಾನು ಕಿವಿಗೆ ಯಂತ್ರ ಹಿಡಿದು ಹುಡುಕುತ್ತಿದ್ದೆ. ಹಲ್ಲಿನ ಡಾಕ್ಟರು ಸಲಿಕೆ ಹಿಡಿದು ದೂರದಲ್ಲಿದ್ದರು. ಆ ಹೊತ್ತಿಗೆ ನಾಯಿ ಕರೆದುಕೊಂಡು ಒಬ್ಬ ಇಂಗ್ಲಿಷ್ ಅಜ್ಜಿ ಬಂದರು. ಅಷ್ಟರಲ್ಲಿ ಕಾಕಾ ಕೈ ಬೀಸಿ ಗಂಟಲು ಹರಿಯುವ ಹಾಗೆ ಕೂಗಿದರು: "ಸರೀರಿ! ಸರೀರಿ!"

ಧಾರವಾಡದಲ್ಲಿ ಹಾಗಂದರೆ ಪಕ್ಕಕ್ಕೆ ಹೋಗಿ, ಜರುಗಿ ಅಂತ. ನನಗೇನು ಗೊತ್ತು? ನಮ್ಮ ಕಡೆ 'ಸರಿ ರೀ' ಅನ್ನುವುದು ಹೆಂಡತಿ ಗಂಡನ ಮಾತಿಗೆ ಒಪ್ಪಿಕೊಂಡಾಗ. ಹುಡುಕುತ್ತಿರುವುದು ಸರಿಯಾಗಿದೆ ಅಂತ ಕಾಕಾ ಮೆಚ್ಚುತ್ತಿದ್ದಾರೆ ಅಂದುಕೊಂಡು, "ಸರಿ ಕಾಕಾ!" ಅಂತ ನಿಂತಲ್ಲೇ ಹಲ್ಲು ಕಿಸಿದೆ. ಹಲ್ಲಿನ ಡಾಕ್ಟರಿಗೆ ಅದು 'ಶರೀರ' ಅಂತ ಕೇಳಿಸಿತು. ಹೆಣ ಸಿಕ್ಕಿತೆಂದು ಸಲಿಕೆ ಎತ್ತಿಕೊಂಡು ನೇರ ನನ್ನ ಕಡೆಗೇ ಓಡಿ ಬಂದರು, "ಎಲ್ಲಿ ಉಂಟು? ಎಲ್ಲಿ ಉಂಟು?" ಅನ್ನುತ್ತಾ. ಇಂಗ್ಲಿಷ್ ಅಜ್ಜಿ ಇಷ್ಟು ದೊಡ್ಡ ಮನುಷ್ಯ ತನಗೆ 'ಸಾರಿ, ಸಾರಿ' ಅಂತ ಕ್ಷಮೆ ಕೇಳುತ್ತಿದ್ದಾನೆಂದು ತಿಳಿದು, ಪರವಾಗಿಲ್ಲ ಬಿಡಪ್ಪಾ ಅಂತ ಕೈಯಾಡಿಸಿದರು. ಇಷ್ಟರ ನಡುವೆ ಅವರ ನಾಯಿ ಎಲೆರಾಶಿಯೊಂದನ್ನು ಪರಪರ ಕೆದರಿ, ಕಾಲುಚೀಲ ಬಾಯಲ್ಲಿ ಕಚ್ಚಿಕೊಂಡು ಬಂದು ಕಾಕಾನ ಕಾಲ ಬಳಿ ಹಾಕಿತು. ಕಾಕಾ ದಿಬ್ಬದ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಯಿ ಪಾಸು, ನಾವು ಮೂವರೂ ಫೇಲು.

ಹಲ್ಲಿನ ಡಾಕ್ಟರು ಬೇರೆ ಪದ ಇಟ್ಟುಕೊಳ್ಳೋಣ ಅಂದರು. ಕಾಕಾ ಒಪ್ಪಲಿಲ್ಲ. "ಬೆಟ್ಟದಾಗ ನನ್ನ ಬಾಯಾಗ ಬರೂದು ಇದ ಶಬ್ದ. ನೀವು ಕಿವಿ ಬದಲಸ್ಕೋರಿ!" ಅಂದರು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗೋಳು. ಶಿರಾ ತಿನ್ನುವಾಗ, ಕಾರು ಹತ್ತುವಾಗ, ಕ್ವೀನ್ಸ್‌ಬರಿಯ ದಿನಸಿ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವಾಗ, ಯಾವ ಗಳಿಗೆಯಲ್ಲಿ ಬೇಕಾದರೂ ಬೆನ್ನ ಹಿಂದಿನಿಂದ "ಸರೀರಿ!" ಅನ್ನುವುದು. ನಾನು ಎಡಕ್ಕೆ, ಹಲ್ಲಿನ ಡಾಕ್ಟರು ಬಲಕ್ಕೆ ಹಾರುವುದು. ಗುಜರಾತಿ ಅಂಗಡಿಯವರು ಇವರಿಗೆ ಏನೋ ಆಗಿದೆ ಅಂತ ಗಲ್ಲಾಪೆಟ್ಟಿಗೆಯ ಹಿಂದೆ ಸರಿದುಕೊಳ್ಳುತ್ತಿದ್ದರು. ಕ್ರಿಸ್‌ಮಸ್ ಬರುವ ಹೊತ್ತಿಗೆ ಆ ಮಾತು ಕಿವಿಗೆ ಬೀಳುವ ಮೊದಲೇ ನನ್ನ ಕಾಲು ಪಕ್ಕಕ್ಕಿರುತ್ತಿತ್ತು.

ಫೆಬ್ರವರಿಯಲ್ಲಿ ಹೊರಟೆವು. ಗೈಡ್‌ನ ಪರೀಕ್ಷೆಯ ದಿನ ನನಗೆ ಕೈಕಾಲು ತಣ್ಣಗಾಗಿದ್ದವು, ಚಳಿಗೂ ಹೌದು, ಹೆದರಿಕೆಗೂ ಹೌದು. ಹೂತಿಟ್ಟ ಬ್ಲೀಪರನ್ನು ನಾನೇ ಹುಡುಕಿದೆ, ಹಲ್ಲಿನ ಡಾಕ್ಟರು ಅಗೆದರು. ನಡುವೆ ಕಾಕಾ ಕೂಗಿದಾಗ ಇಬ್ಬರೂ ಎರಡು ಕಡೆಗೆ ಚಿಮ್ಮಿದೆವು. ಗೈಡ್ ಮೊದಲ ಸಲ ನಕ್ಕಳು. ಏನದು ಮಾತು ಅಂತ ಕೇಳಿ, ಬಾಯಿಪಾಠ ಮಾಡಿಕೊಂಡಳು. ಪಾಸು! ಸಂಜೆ ಗುಡಿಸಲಿನಲ್ಲಿ ಕಾಕು ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆ ಬಿಚ್ಚಿದೆವು. ಗೈಡ್ ಒಂದಕ್ಕೆ ಇನ್ನೊಂದು ಕೇಳಿ ತಿಂದಳು. ಕಾಕಾನ ಮುಖ ನೋಡಬೇಕಿತ್ತು ನೀವು, ಹೊಸ ಬಟ್ಟೆ ಹಾಕಿದ ಮಗುವಿನ ಮುಖ.

ಕುತ್ತಿಗೆಗೆ ಹೊರಟ ದಿನ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಕಾಕಾ ಮೊಣಕಾಲಿಗೆ ಪಟ್ಟಿ ಬಿಗಿದು, ತುಟಿ ಕಚ್ಚಿ ಹತ್ತಿದರು. ನಾನು ಅವರ ಹಿಂದೆ, ಅವರ ಉಸಿರು ಎಣಿಸುತ್ತಾ. ಕೊನೆಯ ಇಳಿಜಾರು ಶುರುವಾಗುವ ಮುಂಚಿನ ಸಮತಟ್ಟಿನಲ್ಲಿ ನಿಂತೆವು. ಕೆಂಪು ಪೆನ್ಸಿಲಿನ ಅಡ್ಡಗೆರೆ ಇದ್ದದ್ದು ಅಲ್ಲೇ. ಮೇಲೆ ಕುತ್ತಿಗೆ ಕಾಣುತ್ತಿತ್ತು, ಅಲ್ಲಿ ಯಾರೋ ಪೇರಿಸಿಟ್ಟ ಕಲ್ಲುಗಳೂ ಕಾಣುತ್ತಿದ್ದವು. ಗೈಡ್ ಇಳಿಜಾರಿನ ಅಂಚಿನಲ್ಲಿ ಹಿಮವನ್ನು ಅಗೆದು ಗೋಡೆಯ ಹಾಗೆ ಕೊರೆದು, ನಡುವಿನ ಪದರಕ್ಕೆ ಬೆರಳು ಹಾಕಿದಳು. ಹರಳು ಹರಳಾಗಿ ಉದುರಿತು. ಕಾಕಾ ಬಗ್ಗಿ ಒಂದು ಮುಷ್ಟಿ ತೆಗೆದುಕೊಂಡು, ಒಂದು ಅಂಗೈಯಿಂದ ಇನ್ನೊಂದಕ್ಕೆ ಸುರಿದರು. ಕಾಕೂನ ಡಬ್ಬಿಯಿಂದ ತೆಗೆದ ಸಕ್ಕರೆಯ ಹಾಗೇ ಇತ್ತು.

ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಇಷ್ಟು ದಿನದ ತಯಾರಿ, ಇಷ್ಟು ಹತ್ತಿರ, ಇಂಥ ಬಿಸಿಲು! ಹೋಗೇಬಿಡೋಣ ಅಂತ ಬಾಯಿಗೆ ಬಂದಿತ್ತು. ಗೈಡ್ ಕಾಕಾನ ತೋಳಿನ ಮೇಲೆ ಕೈಯಿಟ್ಟಳು. ಅವಳಿಗೂ ಗೊತ್ತಿತ್ತು ಇದು ಅವರ ಕೊನೆಯ ಚಳಿಗಾಲ ಅಂತ. ತನ್ನ ಭಾಷೆಯಲ್ಲೂ ಹೇಳಲಿಲ್ಲ, ಇಂಗ್ಲಿಷಿನಲ್ಲೂ ಹೇಳಲಿಲ್ಲ. ಮೆಲ್ಲಗೆ, "ಸರೀರಿ" ಅಂದಳು.

ಕಾಕಾ ತಲೆಯೆತ್ತಿ ಕುತ್ತಿಗೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು... ಆಮೇಲೆ ಕೈಯಲ್ಲಿದ್ದ ಹಿಮವನ್ನು ಕೊಡವಿ, ಸಣ್ಣ ದನಿಯಲ್ಲಿ ಅಂದರು: "ಸರಿ ರೀ."

ಆ ಮಾತು ಕಾಕಾನ ಬಾಯಿಂದ ಬಂದದ್ದೇ ತಡ, ನಾನು ಎಡಕ್ಕೆ ಹಾರಿದೆ, ಹಲ್ಲಿನ ಡಾಕ್ಟರು ಬಲಕ್ಕೆ ಹಾರಿ, ಸ್ಕೀ ಸಿಕ್ಕಿಕೊಂಡು ಸೊಂಟದವರೆಗೆ ಹಿಮದಲ್ಲಿ ಹೂತರು. ಕಾಕಾ ಒಂದು ಕ್ಷಣ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡಿದರು. "ಏ ಹುಚ್ಚಖೋಡಿಗಳ್ರ್ಯಾ, ಈ ಸರ್ತಿ ನಾ ಅಂದದ್ದು ಮೈಸೂರಿನ ಸರಿ!" ಅಂತ ನಗಲಿಕ್ಕೆ ಶುರುಮಾಡಿದರು. ನಕ್ಕರು, ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಅಳುತ್ತಲೂ ಇದ್ದರು, ನಾನು ನೋಡಿದೆ. ನಾನೂ ಅಳುತ್ತಿದ್ದೆ.

ಇಳಿದದ್ದು ಇನ್ನೊಂದು ಕಡೆಯ ಕಾಡಿನೊಳಗಿಂದ. ಸೌಮ್ಯವಾದ ಇಳಿಜಾರು, ಮರಗಳ ನಡುವೆ ಮೊಣಕಾಲುದ್ದ ಮೆತ್ತನೆಯ ಹಿಮ. ಕಾಕಾ ಎಲ್ಲರಿಗಿಂತ ಮುಂದೆ, "ಹೋ ಹೋ" ಅಂತ ಕೂಗುತ್ತಾ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಾ ಹೋದರು. ಆ ಮೊಣಕಾಲಿನಲ್ಲಿ ಅಷ್ಟು ಸಂತೋಷ ಎಲ್ಲಿತ್ತೋ! ನನ್ನ ಜನ್ಮದಲ್ಲಿ ಅಂಥ ಮಧ್ಯಾಹ್ನ ಇನ್ನೊಂದು ಕಂಡಿಲ್ಲ.

ವಸಂತದಲ್ಲಿ ಆಪರೇಷನ್ ಆಯಿತು. ಕಾಕಾ ಮತ್ತೆ ಸ್ಕೀ ಕಟ್ಟಲಿಲ್ಲ. ಆದರೆ ಪ್ರತಿ ಆಗಸ್ಟಿಗೆ ಮೇಜಿನ ಮೇಲೆ ನಕಾಶೆ ಹರಡಿತು, ರವೆ ಜಾರಿತು, ಹೊಸ ಜನ ಬಂದರು. ಒಂದೆರಡು ಚಳಿಗಾಲದ ಮೇಲೆ ನಾವು ಕುತ್ತಿಗೆಯ ಮೇಲೆ ನಿಂತೆವು, ಅವರಿಲ್ಲದೆ. ಗುಡಿಸಲಿಗೆ ಬಂದು ಫೋನ್ ಮಾಡಿದೆ. ಎರಡು ದೇಶ ಕಂಡವೇ ಅಂತ ಅವರು ಕೇಳಲೇ ಇಲ್ಲ. "ಆಚೀಕಡೆ ಹಿಮ ಹೆಂಗಿತ್ತು? ಗಾಳಿ ಎಲ್ಲಿಂದಿತ್ತು?" ಅಂತ ಒಂದಾದ ಮೇಲೊಂದು ಕೇಳಿದರು. ಅವತ್ತು ಎರಡು ಸಲ ಶಿರಾ ಹಾಕಿಸಿಕೊಂಡರಂತೆ, ಆಮೇಲೆ ಕಾಕು ಹೇಳಿದರು.

ಎರಡು ಸಾವಿರದ ದಶಕ ಮುಗಿಯುತ್ತಿದ್ದಾಗ ಕಾಕಾ ಹೋದರು. ಚಿತಾಗಾರದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಗಳೂರಿನವರು, ಮೈಸೂರಿನವರು, ಆಸ್ಪತ್ರೆಯವರು ದಾರಿಯ ಮಧ್ಯದವರೆಗೂ ನಿಂತಿದ್ದರು. ಶವಪೆಟ್ಟಿಗೆ ಹೊತ್ತವರು ಬಾಗಿಲಲ್ಲಿ ತಡೆದು ನಿಂತರು. ಕಾಕು ಹಿಂದಿನಿಂದ, ಕೇಳಿಯೂ ಕೇಳದ ದನಿಯಲ್ಲಿ, "ಸರೀರಿ... ಅವರು ಹೋಗಲಿ" ಅಂದರು. ಕೆಲವರು ಸರಿ ಸರಿ ಅಂತ ತಲೆಯಾಡಿಸಿ ಅಲ್ಲೇ ನಿಂತಿದ್ದರು. ನಾನು ಎಡಕ್ಕೆ ಹಾರಿದೆ, ಸಿಕ್ಕವರ ಕೈ ಹಿಡಿದೆಳೆದೆ. ಎದುರಿನ ಸಾಲಿನಲ್ಲಿ ಹಲ್ಲಿನ ಡಾಕ್ಟರು ಬಲಕ್ಕೆ ಹಾರಿದ್ದರು. ನಡುವೆ ದಾರಿಯಾಯಿತು.

ಕಾಕು ಈಗ ಧಾರವಾಡದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಸ್ಟ್ಯಾನ್ಮೋರಿನ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ...

ಮೊನ್ನೆ ಚೆಲ್ಲಿದ ರವೆಯನ್ನು ಬಳಿದು ಬಾಣಲೆಗೆ ಹಾಕಿ, ಕುದಿನೀರು ಸಕ್ಕರೆ ಬೆರೆಸಿ ಕೈಯಾಡಿಸುತ್ತಿದ್ದೆ. ನನ್ನಿಂದ ಉತ್ತರ ಬರದಿದ್ದದ್ದಕ್ಕೆ ನಮ್ಮವರು ಎದ್ದು ಬಂದರು. ಕಟ್ಟೆಯ ಮೇಲೆ ಉಳಿದ ಸಕ್ಕರೆ ನೋಡಿದರು, ನನ್ನ ಮುಖ ನೋಡಿದರು. ಏನೂ ಕೇಳದೆ ಒಂದು ಹೆಜ್ಜೆ ಪಕ್ಕಕ್ಕಿಟ್ಟು ಫ್ರಿಜ್ಜಿಗೆ ಬೆನ್ನು ಒತ್ತಿಕೊಂಡು ನಿಂತರು. ಅಡುಗೆಮನೆಯ ಬಾಗಿಲಿಂದ ಒಲೆಯವರೆಗೆ ಒಬ್ಬರು ಎತ್ತರದ ಮನುಷ್ಯರು ನಡೆದು ಬರುವಷ್ಟು ಜಾಗವಾಯಿತು.

"ಸರಿದೆ ಕಣೇ. ಯಾರು ಬರ್ತಾರೆ ಈಗ?" ಅಂದರು ನಗುತ್ತಾ.

"ಯಾರೂ ಬರೋಲ್ಲ ರೀ," ಅಂದೆ. "ಬಟ್ಟಲು ತೆಗೀರಿ, ಶಿರಾ ಆರಿಹೋಗುತ್ತೆ."